ಸಜ್ಜದ ಕೆಳಗಿನ ಹೆಜ್ಜೇನು

ಯಾರಾದರೂ ಒಂದು ಪದ ಆಡಿದರೆ ಸಾಕು, ಅದು ಹುಟ್ಟಿದ್ದು ಹೇಗೆಂದು ಹೇಳದೆ ಸುಮ್ಮನಿರಲಾಗದ ಕಾಯಿಲೆ ನನ್ನದು. ಚನ್ನಗಿರಿಯಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದರೂ ವಾಸಿಯಾಗಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಅಕ್ಕಪಕ್ಕ ಕೂತವರು ಪಾಯಸಕ್ಕೂ ಕಾಯದೆ ಎದ್ದುಬಿಡುತ್ತಾರೆ. ಹೋಗಲಿ, ಅವರಿಗೆ ನಷ್ಟ. ಆದರೆ ಹೋದ ಭಾನುವಾರ ಈ ಚಟ ನನ್ನ ಹೆಂಡತಿ ಗಿರಿಜೆಯ ಜೀವಕ್ಕೇ ಬರುವುದರಲ್ಲಿತ್ತು.

ಅವಳು ಅನ್ನಕ್ಕೆ ಕುಕ್ಕರ್ ಇಟ್ಟು ಹಿತ್ತಲಿಗೆ ಬಟ್ಟೆ ಒಗೆಯಲು ಹೋಗಿದ್ದಳು. ಒಗೆಯುವ ಕಲ್ಲು ಇರುವುದು ಅಡುಗೆಮನೆಯ ಕಿಟಕಿಯ ಕೆಳಗೆ. ನಾನು ಜಗಳೂರಿನಿಂದ ಬಂದ ಷಡ್ಡಕ ತಿಪ್ಪೇಸ್ವಾಮಿಯೊಡನೆ ನಡುಮನೆಯಲ್ಲಿ ಹರಟುತ್ತಿದ್ದೆ. ಇದ್ದಕ್ಕಿದ್ದಂತೆ ಹಿತ್ತಲಲ್ಲಿ ದೊಡ್ಡ ಮೊರೆತ. ಇಬ್ಬರೂ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದೆವು. ಎಲ್ಲಿಂದಲೋ ಎದ್ದು ಬಂದ ಹಿಂಡೊಂದು ಕಿಟಕಿಯ ಸಜ್ಜಕ್ಕೆ, ಗಿರಿಜೆಯ ತಲೆಯಿಂದ ಮೊಳ ದೂರದಲ್ಲಿ, ಜೋತುಬಿತ್ತು.

"ರೀ, ಹೆಜ್ಜೇನು," ಎಂದಳು ಮೆಲ್ಲಗೆ.

"ಹಿರಿದಾದ ಜೇನು ಹೆಜ್ಜೇನು," ಎಂದು ನಾನು ಷಡ್ಡಕನ ಕಡೆ ತಿರುಗಿದೆ. "ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು, ಎಲ್ಲ ಒಂದೇ ಬಳಗ."

"ಹಿರಿದು ಅನ್ನೋದು ನಂಗೂ ಕಾಣ್ತೈತೆ. ಕುಕ್ಕರ್ ಕೂಗೋದ್ರೊಳಗೆ ಒಲೆ ಆರಿಸ್ರಿ. ಸದ್ದಾದ್ರೆ ಇವು ಏಳ್ತಾವೆ," ಎಂದಳು ಗಿರಿಜೆ.

ಒಲೆ ಇರುವುದು ಆ ಕಿಟಕಿಗೆ ಅಂಟಿಕೊಂಡೇ. ನನ್ನ ಕಾಲುಗಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತವು. ಕುಕ್ಕರಿನ ವೇಯ್ಟ್ ಆಗಲೇ ಅಲುಗಾಡತೊಡಗಿತ್ತು. ಕಿಟಕಿಯಾಚೆ ಗಿರಿಜೆ ಒದ್ದೆ ಪಂಚೆ ಹಿಡಿದು ಅಲ್ಲಾಡದೆ ನಿಂತಿದ್ದಳು. ಅವಳ ಕೆನ್ನೆಯ ಮೇಲೆ ಒಂದು ಹುಳ ನಡೆದಾಡುತ್ತಿತ್ತು. ಪಂಚೆ ನನ್ನದೇ. ನನಗೆ ಅಳು ಬಂತು, ಕಾಲು ಮಾತ್ರ ಬರಲಿಲ್ಲ.

"ಸ್ವಲ್ಪ ಸರೀರಿ ಮೇಷ್ಟ್ರೇ," ಎಂದು ತಿಪ್ಪೇಸ್ವಾಮಿ ನನ್ನನ್ನು ಪಕ್ಕಕ್ಕೆ ಸರಿಸಿ, ಕುರಿಮರಿ ಹಿಡಿಯುವವನ ಹಾಗೆ ಬಗ್ಗಿ ಹೋಗಿ, ಕಟ್ಟೆಯ ಕೆಳಗಿದ್ದ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದ. ಕುಕ್ಕರ್ ಸುಯ್ಯೆಂದು ಸುಮ್ಮನಾಯಿತು. ಗಿರಿಜೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಮನೆ ಸುತ್ತಿಕೊಂಡು ಮುಂಬಾಗಿಲಿಗೆ ಬಂದಳು. ಒಂದು ಮುಳ್ಳೂ ಚುಚ್ಚಿರಲಿಲ್ಲ. ನನ್ನನ್ನು ಒಂದು ಸಲ ನೋಡಿದಳು, ಅದು ಚುಚ್ಚಿತು.

ಮಧ್ಯಾಹ್ನ ಅರೆಬೆಂದ ಅನ್ನ ಬಡಿಸಿದಳು. ಹಿಂಡು ಇನ್ನೂ ಅಲ್ಲೇ ಇದ್ದುದರಿಂದ ಮತ್ತೆ ಒಲೆ ಹಚ್ಚುವಂತಿರಲಿಲ್ಲ. ನಾನು ಕಟಕಟ ಅಗಿಯುತ್ತಾ ತಲೆ ತಗ್ಗಿಸಿದ್ದೆ.

"ಮೇಷ್ಟ್ರೇ, ಕೋಲುಜೇನು ಅಂತ ಇನ್ನೊಂದು ಜಾತಿ ಐತಲ್ಲ, ಆ ಹೆಸರು ಹೆಂಗೆ ಬಂತು?" ಎಂದ ತಿಪ್ಪೇಸ್ವಾಮಿ.

ಗಿರಿಜೆಯ ಕೈಯಲ್ಲಿದ್ದ ಸೌಟು ನಿಂತಿತು. ನಾನು ಎದ್ದು, ಅಡುಗೆಮನೆಗೆ ಹೋಗಿ, ಒಲೆ ಆರಿದೆಯೇ ಎಂದು ಎರಡು ಸಲ ನೋಡಿ ಬಂದು ಕೂತೆ. ಆಮೇಲೆ ಹೇಳಿದೆ.