ಪಾಲಾರಿವಟ್ಟಂ ಕಚೇರಿಯ ಸೋರದ ಹೊಗೆಗೂಡು

ಕೊಚ್ಚಿಯಲ್ಲಿ ಚಳಿಯಿಲ್ಲ ಎಂಬ ಸಂಗತಿ ಸರ್ಕಾರಕ್ಕೆ ಇನ್ನೂ ಅಧಿಕೃತವಾಗಿ ತಿಳಿದುಬಂದಿಲ್ಲ. ಆದಕಾರಣ ಪಾಲಾರಿವಟ್ಟಂನ ತೆಂಗಿನ ನಾರು ಪರೀಕ್ಷಣಾ ಕಚೇರಿಯಲ್ಲಿ, ಹಿಂದೆ ಯಾರೋ ಇಂಗ್ಲಿಷ್ ದೊರೆ ತನ್ನೂರಿನ ನೆನಪಿಗೆ ಕಟ್ಟಿಸಿಕೊಂಡ ಅಗ್ಗಿಷ್ಟಿಕೆ ೧೯೬೮ರಲ್ಲೂ ಹಾಗೇ ಇತ್ತು. ಮಾಡಿನ ಮೇಲೆ ಅದರ ಇಟ್ಟಿಗೆಯ ಹೊಗೆಗೂಡು ನಿಂತಿತ್ತು. ಹೊಗೆಗೂಡಿನ ನೆತ್ತಿಯ ಗಾರೆ ಬಿರುಕು ಬಿಟ್ಟು, ಮಳೆನೀರು ಒಳಗಿಳಿದು ಮುಖ್ಯ ಗುಮಾಸ್ತ ನಿತ್ಯಾನಂದರ ಬೆನ್ನನ್ನೇ ಹುಡುಕಿಕೊಂಡು ಬರುತ್ತಿತ್ತು. ಅವರ ಮೇಜನ್ನು ನಕ್ಷೆಯಲ್ಲಿ ಅಲ್ಲೇ ತೋರಿಸಿದ್ದರಿಂದ ಸರಿಸುವಂತಿರಲಿಲ್ಲ.

"ಒಂದು ದಿನ ಆದ್ರೂ ಒಣಗಿದ ಅಂಗಿಯಲ್ಲಿ ಬನ್ನಿ ಮಾರಾಯ್ರೆ," ಎಂದರು ಹೆಂಡತಿ ಕುಸುಮಾವತಿ. "ಈ ಕೆಮ್ಮು ಕೇಳಿದ್ರೆ ನನಗೆ ಹೆದರಿಕೆ ಆಗ್ತದೆ."

ಹೆದರಿಕೆ ನಿತ್ಯಾನಂದರಿಗೂ ಇತ್ತು. ಅವರು ತಿರುವನಂತಪುರದ ದುರಸ್ತಿ ವಿಭಾಗಕ್ಕೆ ಬರೆದರು. ಉತ್ತರ ಬಂತು: ಬಳಕೆಯಲ್ಲಿಲ್ಲದ ವಸ್ತುವಿನ ದುರಸ್ತಿ ದುಂದುವೆಚ್ಚವಾಗಿರುತ್ತದೆ, ಹೊಗೆಗೂಡು ಬಳಕೆಯಲ್ಲಿರುವುದನ್ನು ರುಜುವಾತುಪಡಿಸತಕ್ಕದ್ದು.

ರುಜುವಾತುಪಡಿಸಲಾಯಿತು. ಏಪ್ರಿಲ್ ಸೆಕೆಯಲ್ಲಿ ಬೆಂಕಿ ಹಾಕಿದರು. ಜವಾನ ಶಂಕರನಾರಾಯಣನನ್ನು ಬೆಂಕಿಪಾಲಕನೆಂದು ನೇಮಿಸಿದರು. ನೌಕರರು ಫ್ಯಾನ್ ಕೆಳಗೆ ಕುಳಿತು ಬೆವರು ಒರೆಸುತ್ತ ಚಳಿ ಕಾಯಿಸಿಕೊಂಡರು. ಹೊಗೆ ಕಂಡ ಜಂಕ್ಷನ್ನಿನ ಜನ ಬೇಕರಿ ಶುರುವಾಯಿತೆಂದು ಬನ್ನು ಕೇಳಲು ಬಂದರು.

ತಿರುವನಂತಪುರದಿಂದ ಇಂಜಿನಿಯರ್ ಕೃಷ್ಣಮೂರ್ತಿ ಬಂದರು. ಮೈಸೂರಿನವರು. ಏಣಿ ಹತ್ತಿ ನೋಡಿ ಇಳಿದರು.

"ಬರೀ ಬಿರುಕಲ್ಲ ನಿತ್ಯಾನಂದ್ರೇ, ನಡುವೆ ಇಷ್ಟು ದೊಡ್ಡ ತೂತೇ ಇದೆಯಲ್ರೀ! ಅದನ್ನ ಬಿಟ್ಟು ಬಿರುಕು ಮುಚ್ಚಿದ್ರೆ ಆಡಿಟ್‌ನವರು ಸುಮ್ನೆ ಬಿಡ್ತಾರಾ?"

"ಅದು ಹೊಗೆ ಹೋಗುವ ದಾರಿ ಅಲ್ವಾ ಸರ್?"

"ಹೊಗೆ ನನ್ನ ವಿಭಾಗಕ್ಕೆ ಬರಲ್ಲ. ನಂದು ನೀರು."

ಬಿರುಕನ್ನು ಕೆತ್ತಿ ತೊಳೆದು ಗಾರೆ ತುಂಬಿದರು. ನೆತ್ತಿಯ ಮೇಲೆ ಅಂಚಿನಿಂದ ಅಂಚಿಗೆ ಕಾಂಕ್ರೀಟ್ ಹಾಸಿ, ನೀರು ಜಾರಲು ಇಳಿಜಾರು ಕೊಟ್ಟು, ಡಾಂಬರು ಬಳಿದರು. ಬಿಂದಿಗೆಗಟ್ಟಲೆ ನೀರು ಸುರಿದು ನೋಡಿದರೂ ಒಂದು ಹನಿ ಒಳಗಿಳಿಯಲಿಲ್ಲ. ಇಷ್ಟು ಚೆನ್ನಾದ ಕೆಲಸ ಆ ಕಚೇರಿಯಲ್ಲಿ ಹಿಂದೆಂದೂ ಆಗಿರಲಿಲ್ಲವೆಂದು ಒಪ್ಪಲೇಬೇಕು.

ಹೊಗೆ ಮಾತ್ರ ಒಳಗೇ ಉಳಿಯಿತು. "ಸಾರೇ, ಬೆಂಕಿ ಆರಿಸಲೇ?" ಎಂದು ಶಂಕರನಾರಾಯಣ ಕಣ್ಣೊರೆಸಿಕೊಂಡು ಕೇಳಿದ. ಆರಿಸುವುದು ಹೇಗೆ? ಆರಿಸಿದರೆ ಹೊಗೆಗೂಡು ಬಳಕೆಯಲ್ಲಿಲ್ಲವೆಂದಾಗುತ್ತದೆ, ದುರಸ್ತಿ ದುಂದುವೆಚ್ಚವಾಗುತ್ತದೆ, ಆ ಹಣವನ್ನು ನಿತ್ಯಾನಂದರ ಸಂಬಳದಿಂದ ಮುರಿದುಕೊಳ್ಳುತ್ತಾರೆ. ಇಲಿಯ ಕಾಟಕ್ಕೆ ಮನೆಗೇ ಬೆಂಕಿಯಿಟ್ಟರು ಎನ್ನುತ್ತಾರೆ. ಇಲ್ಲಿ ಆ ಬೆಂಕಿ ಆರದಂತೆ ನೋಡಿಕೊಳ್ಳುವ ಹುದ್ದೆಯೂ ಮಂಜೂರಾಗಿತ್ತು.

ಜೂನ್ ಮಳೆ ಹಿಡಿಯುವ ಹೊತ್ತಿಗೆ ಆದೇಶ ಬಂತು: ಹೊಗೆಯಿಂದ ಕಡತಗಳು ಕಪ್ಪಾಗುತ್ತಿರುವುದರಿಂದ ಅವುಗಳನ್ನು ತಕ್ಷಣ ಜಗಲಿಗೆ ಸಾಗಿಸತಕ್ಕದ್ದು, ನೌಕರರು ಕಡತಗಳ ಸಮೀಪವೇ ಇರತಕ್ಕದ್ದು. ಕಡತಗಳಿಗೆ ಜಗಲಿ ಭರ್ತಿಯಾಯಿತು. ನೌಕರರು ಅಂಗಳದಲ್ಲಿ ಕೊಡೆ ಬಿಡಿಸಿ ಕುಳಿತರು.

ಅಲ್ಲಿಗೇ ತಿರುವನಂತಪುರದ ಪ್ರಶ್ನೆ ಬಂತು: ಹೊಗೆಗೂಡಿನಿಂದ ನೀರು ಬೀಳುತ್ತಿದೆಯೇ? ನಿತ್ಯಾನಂದರು ಕೆಮ್ಮು ನಿಲ್ಲುವವರೆಗೆ ಕಾದು, ಶಾಯಿ ಹರಡದಂತೆ ಕೊಡೆಯನ್ನು ಕಾಗದದ ಮೇಲೆ ಹಿಡಿದು, "ಒಂದು ಹನಿಯೂ ಇಲ್ಲ" ಎಂದು ಬರೆದರು. ಅದು ಸತ್ಯವಾಗಿತ್ತು.

ಸಂಜೆ ಗಂಡನ ತೊಯ್ದ ಅಂಗಿ ನೋಡಿ ಕುಸುಮಾವತಿ ಬಾಗಿಲಲ್ಲೇ ಎದೆ ಒಡೆದವರಂತೆ ನಿಂತರು. "ಪುನಃ ಚಂಡಿಯಾ?"

"ಚಂಡಿಯೇ. ಆದ್ರೆ ಸೋರಿದ್ದಲ್ಲ ಮಾರಾಯ್ತಿ, ಇದು ಬರೇ ಮಳೆ."

"ಹೌದಾ? ಹಾಗಾದ್ರೆ ಅಡ್ಡಿಯಿಲ್ಲ," ಎಂದು ಅವರು ತಲೆ ಒರೆಸಲು ಬೈರಾಸು ಕೊಟ್ಟು, ಕಷಾಯಕ್ಕೆ ಈ ಸಲ ದೊಡ್ಡ ಪಾತ್ರೆ ಇಟ್ಟರು.