ಕುರ್ಚಿಯಿಂದ ಇಳಿದ ಅತಿಥಿ

ಆ ಸುದ್ದಿ ಬಂದಾಗ ನನ್ನ ಎರಡೂ ಕೈ ಸಗಣಿಯಲ್ಲಿದ್ದವು. ಹೊಸ ಮೊರಕ್ಕೆ ಬಳಿಯುತ್ತಾ ಕೂತಿದ್ದೆ. ದೊಡ್ಡಬೆಳವಂಗಲದಿಂದ ಸೈಕಲ್ ತುಳಿದುಕೊಂಡು ಬಂದ ನಮ್ಮ ಯಜಮಾನರು, ಇಳಿಯುವುದಕ್ಕೆ ಮೊದಲೇ, "ಲೇ ಇವಳೇ, ನಮ್ಮನೇಗೆ ಅಮೆರಿಕದ ಹುಡುಗಿ ಬರ್ತಾಳಂತೆ! ಇಪ್ಪತ್ತು ದಿನ ಇರ್ತಾಳಂತೆ!" ಎಂದು ಕೂಗಿದರು. ಆ ದೇಶದ ರೈತರ ಮಕ್ಕಳು ಇಲ್ಲಿಗೆ, ನಮ್ಮವರು ಅಲ್ಲಿಗೆ ಹೋಗಿ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಇದ್ದು ಬರುವ ಏರ್ಪಾಡಂತೆ. ತಾಲ್ಲೂಕಿನಲ್ಲಿ ಅಷ್ಟೊಂದು ಮನೆಗಳಿರುವಾಗ ಗ್ರಾಮಸೇವಕರ ಕಣ್ಣಿಗೆ ನಮ್ಮದೇ ಬಿತ್ತಲ್ಲ! ಸಗಣಿ ಮೆತ್ತಿದ ಕೈಯನ್ನೇ ವೆಂಕಟರಮಣಸ್ವಾಮಿಗೆ ಮುಗಿದೆ.

ನನ್ನದೊಂದು ಜಂಬವಿತ್ತು, ಹೇಳಿಬಿಡುತ್ತೇನೆ. ನಮ್ಮ ಮನೆಗೆ ಬಂದ ನೆಂಟರು ಉಂಡ ಎಲೆಯನ್ನು ತಾವೇ ಎತ್ತಲು ನಾನು ಬಿಟ್ಟವಳಲ್ಲ. ಒಮ್ಮೆ ನಾದಿನಿಯ ಗಂಡ ತಾವು ಕುಡಿದ ಲೋಟ ತೊಳೆಯಲು ಹೋಗಿ ನನ್ನಿಂದ ಬೈಸಿಕೊಂಡಿದ್ದರು. ಹೀಗಿರುವಾಗ, ಏಳು ಸಮುದ್ರದಾಚೆಯಿಂದ ಬಂದವಳನ್ನು ಬಿಡುತ್ತೇನೆಯೇ? ಲಿಂಡಾ ಎಂಬ ಆ ಹುಡುಗಿ ಬಾಗಿಲಿಗೆ ಹಣೆ ತಗುಲಿಸಿಕೊಂಡೇ ಒಳಗೆ ಬಂದಳು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂರಿಸಿದೆ. ಪೊರಕೆ ಹಿಡಿದರೆ ಕಿತ್ತುಕೊಂಡೆ, ಬಿಂದಿಗೆ ಎತ್ತಿದರೆ ಇಳಿಸಿದೆ. ಕೊಟ್ಟಿಗೆಯ ಕಡೆ ತಿರುಗಿದರೆ ನಮ್ಮತ್ತೆ, "ಬ್ಯಾಡ ಕಣವ್ವಾ, ಕೂತ್ಕೊ" ಎಂದು ಕೈ ಹಿಡಿದು ತರುತ್ತಿದ್ದರು. ನಮ್ಮ ಮನೆಯಲ್ಲಿ ಅವಳು ಮೊದಲು ಕಲಿತ ಕನ್ನಡವೇ 'ಕೂತ್ಕೊ'.

ಮೂರನೇ ದಿನ ಗ್ರಾಮಸೇವಕರು ಬಂದು ಅವಳೊಂದಿಗೆ ಇಂಗ್ಲಿಷಿನಲ್ಲಿ ಮಾತಾಡಿ, ತಲೆ ಕೆರೆದುಕೊಂಡರು. "ಅಕ್ಕಾವ್ರೇ, ತಪ್ಪು ತಿಳ್ಕೋಬೇಡಿ. ಈಯಮ್ಮನ್ನ ನಂದಗುಡಿ ಕಡೆ ಬೇರೆ ಮನೇಗೆ ಕಳಿಸ್ಬೇಕಾಗುತ್ತೆ."

"ಯಾಕಪ್ಪಾ? ಸಾರು ಖಾರ ಆಯ್ತಾ?"

"ಸಾರು ಚೆನ್ನಾಗಿದೆಯಂತೆ. ನೀವು ಒಂದು ಕೆಲಸಾನೂ ಮುಟ್ಟೋಕೆ ಬಿಡ್ತಿಲ್ವಂತೆ. ಅವರೂರಲ್ಲಿ ದಿನಾ ಬೆಳಿಗ್ಗೆ ಹಸು ಕರೆಯೋಳು ಇವಳೇ ಅಂತೆ. ನಿಮ್ಮ ಜೊತೆ ಬಾಳೋಕೆ ಬಂದೋಳನ್ನ ಕುರ್ಚಿ ಮೇಲೆ ಕೂರಿಸಿ ನೋಡ್ತಾ ಇದೀರಂತೆ."

ಊರಿಗೆ ಬಂದ ಮೊದಲ ಫಾರಿನ್ ಹುಡುಗಿ ಮೂರೇ ದಿನಕ್ಕೆ ನಮ್ಮ ಮನೆ ಬಿಟ್ಟಳು ಎಂದರೆ ನಾನು ಬಾವಿಕಟ್ಟೆಗೆ ಹೋಗುವುದು ಹೇಗೆ? ಅತ್ತೆಯೇ ದಾರಿ ತೋರಿಸಿದರು. "ಓಡಿಸಿದ್ರು ಅನ್ನಿಸ್ಕೊಳ್ಳೋ ಬದಲು ದುಡಿಸಿದ್ರು ಅನ್ನಿಸ್ಕೊಳ್ಳಾನ, ಕೊಡೇ ಏನಾದ್ರೂ!" ದೇವರಪಟದ ಕಡೆ ನೋಡಿಕೊಂಡು, ನೆನೆಹಾಕಿದ್ದ ಅವರೆಕಾಳಿನ ಬೋಗುಣಿಯನ್ನು ಅವಳ ಮುಂದಿಟ್ಟೆ, ಹಿದುಕಿ ಸಿಪ್ಪೆ ಬಿಡಿಸುವುದನ್ನು ತೋರಿಸಿದೆ. ಕುರ್ಚಿ ಬಿಟ್ಟು ನೆಲಕ್ಕೆ ಕೂತಳು! ಅವಳು ಹಿದುಕಿದ ಮೊದಲ ಕಾಳು ಸಿಡಿದು ಗ್ರಾಮಸೇವಕರ ಕನ್ನಡಕಕ್ಕೆ ಬಡಿಯಿತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅವಳ ಮಾತನ್ನು ಗ್ರಾಮಸೇವಕರು ಕನ್ನಡದಲ್ಲಿ ಹೇಳಿದರು: ಅವಳಮ್ಮನೂ ಹೀಗೇ ನೆಲದ ಮೇಲೆ ಕೂತು ಬಟಾಣಿ ಬಿಡಿಸುತ್ತಾರಂತೆ, ಮಂಡಿ ನೋವಿದ್ದರೂ ಕೇಳುವುದಿಲ್ಲವಂತೆ. ಮೂರು ದಿನ ಉಪಚಾರ ಮಾಡಿದ ನಾನು ಅವಳಿಗೆ ತಾಯಿ ಇದ್ದಾಳೆಯೇ ಎಂದೂ ಕೇಳಿರಲಿಲ್ಲ! ನಂದಗುಡಿಯ ಮಾತು ಅಲ್ಲಿಗೇ ನಿಂತಿತು. ಉಳಿದ ಹದಿನೇಳು ದಿನವೂ ನಮ್ಮ ಹಸು ಅವಳ ಕೈಗೇ ಹಾಲು ಕೊಟ್ಟಿತು.

ಪರದೇಶಕ್ಕೆ ಹೋಗಿ ಬಂದವರು ಬದಲಾಗುತ್ತಾರೆ ಎನ್ನುತ್ತಾರೆ. ನಾನು ಹೊಸಿಲು ದಾಟದೆಯೇ ಕೆಟ್ಟೆ. ಈಗ ಯಾರು ಬಂದರೂ ಕೈಗೊಂದು ಕೆಲಸ ಕೊಟ್ಟು ಮಾತಿಗೆ ಕೂರುತ್ತೇನೆ. ಮೊನ್ನೆ ಮಗಳನ್ನು ನೋಡಲು ಬೂದಿಗೆರೆಯವರು ಬಂದಾಗ, ಅಭ್ಯಾಸಬಲ, ಅವರ ಮುಂದೂ ಬೆಳ್ಳುಳ್ಳಿ ಇಟ್ಟುಬಿಟ್ಟೆ. ಯಜಮಾನರ ಮುಖ ಬಿಳಿಚಿತು. ಹುಡುಗನ ತಾಯಿ ಎರಡು ಎಸಳು ಸುಲಿದು ಕೈ ಒರೆಸಿಕೊಂಡರು. ಇನ್ನೂ ಏನೂ ಹೇಳಿಕಳಿಸಿಲ್ಲ. ಹುಡುಗ ಮಾತ್ರ ತಲೆ ಬಗ್ಗಿಸಿ ಅಷ್ಟನ್ನೂ ಸುಲಿದ. ಸ್ವಾಮಿ ದಯೆ, ಅಷ್ಟಾದರೂ ಆಯಿತಲ್ಲ. ಮುದ್ದೆಗೆ ಎಸರಿಡಬೇಕು, ಬರುತ್ತೇನೆ.