ಜೋಳಿಯ ಜೀನಿನಲ್ಲಿ ಒಂದಕ್ಷರ

ಬೆಳಿಗ್ಗೆ ನೆಲ್ಯಾಡಿಯ ಜೋಳಿಯ ಮೊಬೈಲಿಗೆ ಎಂಟು ಪುಟಗಳ ಇಂಗ್ಲಿಷ್ ವರದಿಯೊಂದು ಬಂದು ಬಿತ್ತು. ಮೂರು ತಿಂಗಳ ಹಿಂದೆ ಗಂಟುವಾತದ ಸಂಶೋಧನೆಗೆಂದು ಬಂದವರು ಅವನದೂ ಹೆಂಡತಿ ರಿನ್ಸಿಯದೂ ಜೊಲ್ಲು ತೆಗೆದುಕೊಂಡು ಹೋಗಿದ್ದರು. ರಬ್ಬರ್ ಶೀಟ್ ಒತ್ತುವುದನ್ನು ಅರ್ಧಕ್ಕೆ ಬಿಟ್ಟು ಜೋಳಿ ಪಕ್ಕದ ಮನೆಗೆ, ವಿಜ್ಞಾನದ ಟೀಚರ್ ಭವಿತಾಳ ಬಳಿಗೆ ಓಡಿದ.

“ನಿಮ್ಮ ಜೀನಿನಲ್ಲಿ ಒಂದಕ್ಷರ ಬೇರೆ ಉಂಟು, ಜೋಳಿಯಣ್ಣ. ಪ್ರೋಟೀನ್ ಮಾಡದ ಆರ್‌ಎನ್‌ಎಯಲ್ಲಿ.”

“ಪ್ರೋಟೀನ್ ಮಾಡುದಿಲ್ಲ ಅಂದ್ರೆ ಮತ್ತೆ ಎಂತ ಮಾಡುದು?”

“ತಾನು ಎಂತದೂ ಮಾಡುದಿಲ್ಲ. ಕೆಲಸ ಮಾಡುವ ಜೀನುಗಳಿಗೆ ಮಾಡು, ಸಾಕು ಅಂತ ಹೇಳ್ತಾ ಇರ್ತದೆ. ಅದು ಹೆಚ್ಚುಕಡಿಮೆ ಆದ್ರೆ ರೋಗ ತಡೆಯುವ ಶಕ್ತಿ ನಮ್ಮ ಗಂಟುಗಳ ಮೇಲೆಯೇ ಬೀಳ್ತದೆ. ಆದ್ರೆ ನಿಮ್ಮದು...”

ಅಷ್ಟರಲ್ಲಿ ಶಾಲೆಯ ಬಸ್ಸು ಹಾರ್ನ್ ಹೊಡೆಯಿತು. ಭವಿತಾ ಓಡಿದಳು. ಜೋಳಿ ಕುಂಟುತ್ತಾ ಮನೆಗೆ ಬಂದ. ಹೋಗುವಾಗ ಅವನು ಕುಂಟಿರಲಿಲ್ಲ.

ಅವನು ಮಂಚದ ಮೇಲೆ ಅಡ್ಡಾದದ್ದೇ ತಡ, ಭವಿತಾಳ ಮಾವ ಬೋಜಪ್ಪ ಹಾಜರಾದ. “ಅಕ್ಷರ ತಪ್ಪಿದ್ದಾದ್ರೆ ತಿದ್ದಿಸ್ಲಿಕ್ಕೆ ಆಗ್ತದೆ ಮಾರಾಯ. ನನ್ನ ಆಧಾರಿನಲ್ಲಿ ಬೋಜಮ್ಮ ಅಂತ ಇತ್ತು. ಕಡಬದ ತಾಲೂಕು ಆಫೀಸಿಗೆ ಎರಡು ಸಲ ಹೋದದ್ದು, ಗಂಡಸಾದೆ.”

ಆಚೆ ಮನೆಯ ಪಾತು ಯಾವುದೋ ಸೊಪ್ಪು ಅರೆದು ತಂದು ಜೋಳಿಗೆ ಕುತ್ತಿಗೆಯಿಂದ ಕಾಲಿನವರೆಗೆ ಮೆತ್ತಿದಳು. “ಮೀನು ಮುಟ್ಬಾರ್ದು,” ಎಂದೂ ಹೇಳಿದಳು. ಮಧ್ಯಾಹ್ನ ರಿನ್ಸಿ ಮಾಡಿದ ಬಂಗುಡೆ ಸಾರು ವ್ಯರ್ಥವಾಗದಂತೆ ಪಾತುವೂ ಬೋಜಪ್ಪನೂ ನೋಡಿಕೊಂಡರು. ಜೋಳಿ ಗಂಜಿ ಕುಡಿದ. ರಿನ್ಸಿ ಉಳಿದ ಶೀಟ್‌ಗಳನ್ನು ಒತ್ತಿ, ಸೌದೆ ತಂದು, ದನ ಕಟ್ಟಿ ಬಂದಳು.

ಸಂಜೆಗೆ ಸೊಪ್ಪು ಒಣಗಿ ಜೋಳಿ ಹೊಸ ಗಾರೆಯ ಗೋಡೆಯಂತಾಗಿದ್ದ. ಮೈಯೆಲ್ಲ ತುರಿಕೆ. ಆಗ ಸಂಶೋಧನೆಯ ಡಾಕ್ಟರರ ಫೋನು ಬಂತು. ಕೈ ಮಡಚಲಾಗದೆ ಜೋಳಿ ಅದನ್ನು ಸ್ಪೀಕರಿಗೆ ಹಾಕಿಸಿದ.

“ಒಳ್ಳೆ ಸುದ್ದಿ ಜೋಳಿಯವರೇ. ನಿಮ್ಮ ಜೀನಿನ ಆ ಅಕ್ಷರ ಗಂಟುವಾತದ ಸಾಧ್ಯತೆಯನ್ನು ಕಡಿಮೆ ಮಾಡುವಂಥದ್ದು. ನಿಮ್ಮನ್ನು ನಾವು ಹೋಲಿಕೆಗೆಂದು ತೆಗೆದುಕೊಂಡದ್ದೇ ಆರೋಗ್ಯವಂತರ ಪಟ್ಟಿಯಲ್ಲಿ.”

“ಹಾಗಾದ್ರೆ ರೋಗಿ ಯಾರು?”

“ನಿಮ್ಮ ಹೆಂಡತಿ. ಬೆರಳಿನ ಗಂಟು ಊದ್ತದೆ ಅಂತ ಅವರು ನಮ್ಮ ಆರೋಗ್ಯ ಕ್ಯಾಂಪಿಗೆ ಬಂದ ಕಾರಣ ನಾವು ನಿಮ್ಮ ಮನೆಗೆ ಬಂದದ್ದು. ನೋವು ಇಳಿಯುವವರೆಗೆ ಅವರಿಗೆ ಭಾರದ ಕೆಲಸ ಕೊಡಬೇಡಿ.”

ಬೋಜಪ್ಪನೂ ಪಾತುವೂ ಸದ್ದಿಲ್ಲದೆ ಅಂಗಳಕ್ಕಿಳಿದರು. ರಿನ್ಸಿ ಬಾಗಿಲಲ್ಲಿ ನಿಂತು ಕೈ ಒರೆಸಿಕೊಳ್ಳುತ್ತಿದ್ದಳು.

“ನಂಗೆ ಮೈಯೆಲ್ಲ ತುರಿಸ್ತಾ ಉಂಟಲ್ಲ ಡಾಕ್ಟ್ರೇ?” ಎಂದ ಜೋಳಿ, ಕೊನೆಯ ಆಸೆಯಿಂದ.

“ಅದು ಜೀನಿನದ್ದಲ್ಲ. ಚೆನ್ನಾಗಿ ಸೋಪು ಹಾಕಿ ತೊಳೀರಿ.”

“ಇವ್ರು ಪಾತ್ರೆಯಿಂದ ಶುರು ಮಾಡ್ಲಿ ಡಾಕ್ಟ್ರೇ,” ಎಂದಳು ರಿನ್ಸಿ. “ಸೋಪು ಅಲ್ಲೇ ಉಂಟು.”